ಬೆನ್ನಿನ ಪಾತ್ರ

ಅಸಂಗತ ನಾಟಕ ಎಂದರೇನು ಎಂದು ನನಗೆ ತಿಳಿಸಿ ಹೇಳಿದವರು ಬೈಲಹೊಂಗಲದ ಒಬ್ಬ ಕಾಲೇಜು ಪ್ರಾಧ್ಯಾಪಕರು. ಒಂದು ತಿಂಗಳು ಪೂರಾ ಹೇಳಿದರು. ಬದುಕಿಗೆ ಅರ್ಥವಿಲ್ಲ, ಮನುಷ್ಯ ಒಂಟಿ, ಒಬ್ಬ ಆಡಿದ ಮಾತು ಇನ್ನೊಬ್ಬನಿಗೆ ಮುಟ್ಟುವುದಿಲ್ಲ, ಆದರೂ ಮನುಷ್ಯ ಸ್ವತಂತ್ರ, ಏನನ್ನು ಆರಿಸಿಕೊಳ್ಳುತ್ತಾನೋ ಅದೇ ಅವನು. ಇಷ್ಟನ್ನೆಲ್ಲ ಹೇಳಿ ನನ್ನನ್ನು ಒಂದು ಕುರ್ಚಿಯ ಮೇಲೆ ಪ್ರೇಕ್ಷಕರಿಗೆ ಬೆನ್ನು ಮಾಡಿ ಕೂರಿಸಿದರು. ಒಂದು ತಾಸು ಅಲುಗಾಡಬಾರದು, ಬಾಯಿ ತೆರೆಯಬಾರದು. ಕೂರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಆಮೇಲೆ ಆದದ್ದು ನೆನಪಾದರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ನನ್ನ ಅವ್ವ ನಾಟಕ ಕಂಪನಿಯಲ್ಲಿದ್ದಳು. ಕಂಪನಿ ಮುಚ್ಚಿದಾಗ ಡೇರೆ ಎಲ್ಲಿತ್ತೋ ಅಲ್ಲೇ, ಅಂದರೆ ರಾಮದುರ್ಗದಲ್ಲೇ, ಮನೆ ಮಾಡಿದಳು. ನಾನು ಹಳ್ಳಿ ನಾಟಕಗಳಿಗೆ ನಾಯಕಿಯಾಗಿ ಹೋಗುತ್ತಿದ್ದೆ. ಸವದತ್ತಿ, ಬೈಲಹೊಂಗಲದ ಸುತ್ತಿನ ಹಳ್ಳಿಗಳಲ್ಲಿ ಊರ ತರುಣರು ಮೂರು ತಿಂಗಳು ತಾಲೀಮು ಮಾಡುತ್ತಾರೆ. ಆ ಮೂರು ತಿಂಗಳೂ ಅಲ್ಲಿ ಹೆಂಗಸಿರುವುದಿಲ್ಲ. ನಾಯಕಿಯ ಜಾಗದಲ್ಲಿ ಒಂದು ಸ್ಟೂಲು ಇಟ್ಟಿರುತ್ತಾರೆ, ಅವಳ ಮಾತನ್ನು ಪೇಟಿ ಮಾಸ್ತರರು ಪೇಟಿ ಬಾರಿಸುತ್ತಲೇ ಓದುತ್ತಾರೆ. ನಾಯಕನಾದವನು ಆ ಸ್ಟೂಲಿಗೇ ಪ್ರಾಣೇಶ್ವರಿ ಎನ್ನುತ್ತಾನೆ, ಅದರ ಮುಂದೆಯೇ ಮೊಣಕಾಲೂರುತ್ತಾನೆ. ನಾವು ಬಸ್ಸಿಳಿಯುವುದು ನಾಟಕದ ಹಿಂದಿನ ದಿನ, ಟ್ರಂಕಿನ ಸಮೇತ. ಹೂಲಿಯಲ್ಲಿ ಒಬ್ಬ ನಾಯಕ, ಒಳ್ಳೆಯ ಒಕ್ಕಲುತನದ ಮನೆಯ ಗಟ್ಟಿಮುಟ್ಟಾದ ಆಳು, ಇಡೀ ಪ್ರೇಮದ ದೃಶ್ಯವನ್ನು ನನ್ನ ಮೊಣಕಾಲು ನೋಡುತ್ತಲೇ ಆಡಿದ. ಮೂರು ತಿಂಗಳು ಸ್ಟೂಲಿನ ಎತ್ತರಕ್ಕೇ ಕಣ್ಣು ಪಳಗಿದ್ದರೆ ಅವನಾದರೂ ಏನು ಮಾಡಬೇಕು? ಗದ್ದ ಹಿಡಿದು ಅವನ ಮುಖ ಮೇಲೆತ್ತಿದೆ. ಜನ ಶಿಳ್ಳೆ ಹೊಡೆದರು, ಅವನು ಮುಂದಿನ ಮಾತನ್ನೇ ಮರೆತ.

ಮರೆಯುವುದು ನಮ್ಮ ಕಸುಬಿನಲ್ಲಿ ದಿನದ ಮಾತು. ಎದುರಿನವನು ಮರೆತರೆ ಏನು ಮಾಡಬೇಕೆಂದು ಅವ್ವ ನನಗೆ ರೊಟ್ಟಿ ಬಡಿಯುವುದನ್ನು ಕಲಿಸುವ ಮೊದಲೇ ಕಲಿಸಿದ್ದಳು. ಅದಕ್ಕೆ ಕಂಪನಿಯವರು ಎತ್ತಿಕೊಡುವುದು ಎನ್ನುತ್ತಾರೆ. ಅವನ ಮಾತನ್ನು ನೀನು ಆಡಬಾರದು, ಆಡಿದರೆ ಅವನ ಮಾನ ಹೋಗುತ್ತದೆ. ಅವನ ಮಾತು ಯಾವ ಪ್ರಶ್ನೆಗೆ ಉತ್ತರವಾಗಬಹುದೋ ಆ ಪ್ರಶ್ನೆಯನ್ನು ಕೇಳಬೇಕು. ಸಿರಸಂಗಿಯಲ್ಲಿ ಒಬ್ಬ ರಾಜ ಯುದ್ಧ ಸಾರುವ ಮಾತನ್ನೇ ಮರೆತು ಮೀಸೆ ತಿರುವುತ್ತ ನಿಂತುಬಿಟ್ಟ. 'ಸ್ವಾಮಿ, ಶತ್ರು ಬಾಗಿಲಿಗೆ ಬಂದಾನ, ತಮ್ಮ ಅಪ್ಪಣೆ ಏನು?' ಎಂದೆ. ಸರಕ್ಕನೆ ಎಲ್ಲ ನೆನಪಾಗಿ ಯುದ್ಧ ಸಾರಿದ. ಮರುದಿನ ಊರೆಲ್ಲ ಅವನನ್ನೇ ಹೊಗಳಿತು. ಹೊಗಳಲಿ, ಅದು ಸರಿಯೇ. ಆದರೆ ಆ ರಾಜ ಬಸ್ ಸ್ಟ್ಯಾಂಡಿನವರೆಗೆ ನನ್ನ ಟ್ರಂಕು ಹೊತ್ತುಕೊಂಡು ಬಂದು, 'ಅಕ್ಕಾರ, ನಿನ್ನೆ ನನ್ನ ಮರ್ಯಾದಿ ಉಳಿಸಿದ್ರಿ' ಎಂದು ಕೈ ಮುಗಿದ. ಓದು ಬರಹ ಬಾರದ ಮನುಷ್ಯ.

ತೊಂಬತ್ತರ ದಶಕದ ಶುರುವಿನಲ್ಲಿ ಆ ಪ್ರಾಧ್ಯಾಪಕರು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಗೆಳೆಯರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ತಾವು ಬರೆದ ಹೊಸ ನಮೂನೆಯ ನಾಟಕ, ತಾವೇ ನಿರ್ದೇಶಕರು, ತಾವಿಬ್ಬರೇ ನಟರು, ಒಬ್ಬ ಹೆಂಗಸು ಬೇಕು ಎಂದರು. ರೂಢಿಯಂತೆ ವೀಳ್ಯ ಕೊಟ್ಟರು. ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ನಾನು ಅಕ್ಷರ ಕಲಿತದ್ದೇ ನಾಟಕದ ಪ್ರತಿಗಳಿಂದ, ಕೈಗೆ ಸಿಕ್ಕ ಪುಸ್ತಕ ಬಿಟ್ಟವಳಲ್ಲ. ಕಲಿತವರ ನಾಟಕದಲ್ಲಿ ಒಮ್ಮೆ ನಿಲ್ಲಬೇಕು, ಶಿಳ್ಳೆ ಇಲ್ಲದೆ ಚಪ್ಪಾಳೆ ಮಾತ್ರ ಬೀಳುವ ಕಡೆ ಆಡಬೇಕು ಎಂಬ ಆಸೆ ಒಳಗೇ ಇತ್ತು. ನನ್ನ ಮಾತಿನ ಪ್ರತಿ ಕೊಡಿ ಎಂದು ಕೇಳಿದೆ.

'ಬಾಯಾರ, ಈ ನಾಟಕದಾಗ ನಿಮಗ ಮಾತಿಲ್ಲ' ಎಂದರು.

'ಹಾಡ ಅದಾವೇನ್ರಿ?'

'ಹಾಡೂ ಇಲ್ಲ.'

'ಮತ್ತ, ಅಳೂದು?'

'ಅಳೂದೂ ಇಲ್ರಿ. ನೀವು ಕುಂದರಬೇಕು, ಅಷ್ಟ.'

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕುಬಿಟ್ಟೆ. ಅವರು ನಗಲಿಲ್ಲ.

ನಾಟಕ ಇಷ್ಟು. ಇಬ್ಬರು ದಾರಿ ತಪ್ಪಿದ್ದಾರೆ. ಎದುರಿಗೆ ಒಬ್ಬ ಹೆಂಗಸು ಅವರಿಗೂ ಪ್ರೇಕ್ಷಕರಿಗೂ ಬೆನ್ನು ಮಾಡಿ ಕೂತಿದ್ದಾಳೆ. ಅವಳನ್ನು ದಾರಿ ಕೇಳೋಣವೇ ಬೇಡವೇ ಎಂದು ಇಬ್ಬರೂ ಒಂದು ತಾಸು ವಾದ ಮಾಡುತ್ತಾರೆ. ಅವಳಿಗೆ ಗೊತ್ತಿರಬಹುದೇ, ಗೊತ್ತಿದ್ದರೂ ಹೇಳುವಳೇ, ಹೇಳಿದರೂ ಅದು ನಮಗೆ ತಿಳಿದೀತೇ, ತಿಳಿದರೂ ಹೋಗಬೇಕೇ. ಕೊನೆಗೂ ಕೇಳುವುದಿಲ್ಲ. ಪರದೆ ಬೀಳುತ್ತದೆ.

ಬೈಲಹೊಂಗಲದಲ್ಲಿ, ಖಾಲಿ ಕ್ಲಾಸಿನ ಬೆಂಚುಗಳನ್ನು ಗೋಡೆಗೆ ಸರಿಸಿ ಮಧ್ಯಾಹ್ನದ ಹೊತ್ತು ತಾಲೀಮು ಮಾಡುತ್ತಿದ್ದೆವು. ನಾನು ಮೂರು ದಿನ ತಡೆದೆ. ನಾಲ್ಕನೆಯ ದಿನ ಕೇಳಿಯೇಬಿಟ್ಟೆ.

'ಸರ್, ಇವರಿಬ್ರೂ ಅಕಿನ್ನ ಯಾಕ್ ಕೇಳವಲ್ರು?'

'ಕೇಳಿದ್ರ ನಾಟಕ ಮುಗದ ಹೋಗತೈತ್ರಿ.'

'ಮುಗೀಲಿ ಬಿಡ್ರಿ. ಪಾಪ, ಊರರೆ ಮುಟ್ಟತಾರ.'

ಬ್ಯಾಂಕಿನವರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಪ್ರಾಧ್ಯಾಪಕರು ಮಾತ್ರ ಸಮಾಧಾನದಿಂದ ಹೇಳಿದರು: 'ಅಕಿ ಹೆಂಗಸಲ್ರಿ ಬಾಯಾರ, ಅಕಿ ಒಂದು ಸಂಕೇತ.'

'ಸಂಕೇತಕ್ಕ ರಾಮದುರ್ಗದಿಂದ ನನ್ನ ಯಾಕ್ ಕರಸಿದ್ರಿ? ಒಂದ್ ಸ್ಟೂಲ್ ಇಟ್ಟಿದ್ರ ಆಗತಿತ್ತಲ್ಲ?'

'ಸ್ಟೂಲು ಉಸರಾಡಂಗಿಲ್ಲ. ನನಗ ಉಸರಾಡೂ ಬೆನ್ನ ಬೇಕು.'

ಸುಳ್ಳೇಕೆ ಹೇಳಲಿ, ಆ ಮಾತು ನನಗೆ ಹಿಡಿಸಿತು. ಮನುಷ್ಯನಿಗೆ ನಾಟಕ ಗೊತ್ತಿದೆ ಎನಿಸಿತು. ಅಂದಿನಿಂದ ಬಾಯಿ ಮುಚ್ಚಿಕೊಂಡು ಕೂತೆ. ಮೊದಮೊದಲು ಸೊಂಟ ಹಿಡಿಯುತ್ತಿತ್ತು, ಮೂಗು ತುರಿಸುತ್ತಿತ್ತು. ಬರಬರುತ್ತ ಬೇರೇನೋ ಆಗತೊಡಗಿತು. ಹದಿನಾಲ್ಕನೆಯ ವಯಸ್ಸಿನಿಂದ ರಂಗದ ಮೇಲೆ ನಿಂತವಳು ನಾನು, ಯಾರೂ ನನ್ನ ಮುಖ ನೋಡದ ಒಂದು ತಾಸನ್ನು ಅಲ್ಲಿಯವರೆಗೆ ಕಂಡವಳೇ ಅಲ್ಲ. ಮುಖವಿಲ್ಲದೆ, ಮಾತಿಲ್ಲದೆ, ಹಾಡಿಲ್ಲದೆ ಕೂತರೆ ನಾನು ಯಾರು? ಅವ್ವನ ಮಗಳು ಹೌದು, ನಾಯಕಿ ಹೌದು, ಅವೆಲ್ಲ ಬೇರೆಯವರು ನೋಡಿ ಕೊಟ್ಟದ್ದು. ಯಾರೂ ನೋಡದಾಗ ಉಳಿಯುವುದೇನು? ಹೆದರಿಕೆಯಾಯಿತು, ಒಂದು ನಮೂನೆ ಹಗುರವೂ ಆಯಿತು. ಪ್ರಾಧ್ಯಾಪಕರು ದೊಡ್ಡ ದೊಡ್ಡ ಶಬ್ದಗಳಲ್ಲಿ ಹೇಳುತ್ತಿದ್ದುದು ಇದೇ ಇರಬೇಕು ಎಂದುಕೊಂಡೆ. ಅವರಿಗೆ ಹೇಳಲಿಲ್ಲ. ಸಂಕೇತ ಮಾತಾಡುವುದು ಅವರಿಗೆ ಸೇರುತ್ತಿರಲಿಲ್ಲ.

ಕಿವಿಯಂತೂ ತೆರೆದೇ ಇತ್ತು. ತಿಂಗಳು ಕಳೆಯುವಷ್ಟರಲ್ಲಿ ಇಬ್ಬರ ಮಾತೂ ನನಗೆ ಬಾಯಿಪಾಠವಾಗಿತ್ತು.

ನಾಟಕ ಸ್ಪರ್ಧೆ ನಡೆದದ್ದು ಕಿತ್ತೂರಿನಲ್ಲಿ. ಮಧ್ಯಾಹ್ನ ಮೂರಕ್ಕೆ ನಮ್ಮ ಸರದಿ. ಹಂಚಿದ ಕಾಗದದಲ್ಲಿ ಅವರಿಬ್ಬರ ಹೆಸರಿದ್ದವು, ನನ್ನ ಸಾಲಿನಲ್ಲಿ 'ಒಬ್ಬ ಹೆಂಗಸು' ಎಂದಷ್ಟೇ ಇತ್ತು. ಹಳ್ಳಿಯ ಗೋಡೆಪತ್ರದಲ್ಲಿ ನನ್ನ ಹೆಸರನ್ನು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ಹಿಂದೊಂದು ಬಿರುದು ಹಚ್ಚಿ ಹಾಕುತ್ತಾರೆ. ಚುಚ್ಚಿತು. ಹೋಗಲಿ, ಪಾತ್ರಕ್ಕೇ ಹೆಸರಿಲ್ಲ ಎಂದು ನುಂಗಿಕೊಂಡೆ.

ಅರ್ಧ ನಾಟಕ ಚೆನ್ನಾಗಿ ನಡೆಯಿತು. ಆಮೇಲೆ ಪ್ರಾಧ್ಯಾಪಕರ ದೊಡ್ಡ ಭಾಷಣ ಬರಬೇಕಿತ್ತು. 'ಎಲ್ಲಿಗೆ ಹೊರಟಿದ್ದೇವೆಂದು ಗೊತ್ತಿದ್ದರೆ ನಾವು ದಾರಿಯನ್ನೇಕೆ ಹುಡುಕುತ್ತಿದ್ದೆವು' ಎಂದು ಶುರುವಾಗುತ್ತದೆ. ಆ ಭಾಷಣ ನನಗೂ ಬಹಳ ಸೇರುತ್ತಿತ್ತು. ಬರಲಿಲ್ಲ. ಬೆನ್ನ ಹಿಂದೆ ಸದ್ದಿಲ್ಲ. ಒಂದು ಉಸಿರು, ಎರಡು ಉಸಿರು, ಹತ್ತು. ಬ್ಯಾಂಕಿನವರು ಕಾಲು ಬದಲಿಸಿದ್ದು ಕೇಳಿಸಿತು. ಪ್ರಾಧ್ಯಾಪಕರು ಸುತ್ತು ಬಳಸಿ ನಡೆಯುತ್ತ ನನ್ನ ಪಕ್ಕಕ್ಕೆ, ಕಣ್ಣಂಚಿಗೆ ಕಾಣುವಷ್ಟು ಮುಂದಕ್ಕೆ ಬಂದರು. ಹಣೆಯ ಬೆವರಿಗೆ ಬಣ್ಣ ಇಳಿದಿತ್ತು, ತುಟಿ ಒಣಗಿತ್ತು. ಕಣ್ಣಲ್ಲಿ ಆ ಸಿರಸಂಗಿಯ ರಾಜನದೇ ದಿಗಿಲು. ಬಾಯಿ ತೆರೆಯಬಾರದೆಂದು ಒಂದು ತಿಂಗಳು ಆಣೆ ಇಟ್ಟಂತೆ ಹೇಳಿದವರು ಅವರೇ. ಆದರೆ ಎದುರಿಗಿದ್ದವ ಮುಳುಗುವಾಗ ಸುಮ್ಮನಿರುವುದನ್ನು ನಮ್ಮವ್ವ ನನಗೆ ಕಲಿಸಿಲ್ಲ. ಕತ್ತು ತಿರುಗಿಸಿ ಅವರ ಮುಖ ನೋಡಿ ಕೇಳಿದೆ:

'ಎಲ್ಲಿಗೆ ಹೊಂಟೀರೆಪಾ ಇಬ್ರೂ?'

ಸಭೆಯಲ್ಲಿ ಮೊದಲು ಒಂದು ಸಣ್ಣ ನಗು ಎದ್ದಿತು, ಹಿಂದೆಯೇ ಚಪ್ಪಾಳೆ ಬಿತ್ತು. ಪ್ರಾಧ್ಯಾಪಕರಿಗೆ ಮಾತು ಸಿಕ್ಕಿತು. ಎಷ್ಟು ಚೆನ್ನಾಗಿ ಆಡಿದರೆಂದರೆ ಅಂಥ ಭಾಷಣವನ್ನು ತಾಲೀಮಿನಲ್ಲಿ ಒಂದು ದಿನವೂ ಆಡಿರಲಿಲ್ಲ. ನಾನು ಮತ್ತೆ ಬೆನ್ನು ಮಾಡಿ ಕೂತೆ. ಕೆಲಸ ಆಯಿತು ಎಂಬ ಸಮಾಧಾನ ಇತ್ತು, ಅಷ್ಟೇ.

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಎದ್ದು ಮಾತಾಡಿದರು. ಇಡೀ ನಾಟಕ ಗ್ರಂಥದ ಕನ್ನಡದಲ್ಲಿ ನಡೆಯುತ್ತದೆ, ಆಮೇಲೆ ಆ ದೀರ್ಘ ಮೌನ, ಆ ಮೌನದೊಳಗಿಂದ ಒಮ್ಮೆಲೇ ಬೈಲಹೊಂಗಲದ ಸಂತೆಯ ಹೆಂಗಸಿನ ಮಾತು ಸಿಡಿಯುತ್ತದೆ, ಇಂಥ ಧೈರ್ಯವನ್ನು ಕನ್ನಡ ರಂಗಭೂಮಿಯಲ್ಲಿ ತಾವು ಕಂಡಿಲ್ಲ ಎಂದರು. ನಾಟಕ ರಚನೆ, ನಿರ್ದೇಶನ ಎರಡೂ ಬಹುಮಾನ ಪ್ರಾಧ್ಯಾಪಕರಿಗೆ. ಅವರು ಎದ್ದುಹೋಗಿ ಮೈಕು ಹಿಡಿದರು. ಈಗ ಹೇಳುತ್ತಾರೆ ಎಂದು ನಾನು ಸೆರಗು ಸರಿಮಾಡಿಕೊಂಡೆ ಕೂಡ. ಹೇಳಿದರು: 'ಆ ಒಂದು ಮಾತನ್ನು ನಾನು ಕೊನೆಯ ಗಳಿಗೆಯವರೆಗೂ ಸಹನಟರಿಂದ ಮುಚ್ಚಿಟ್ಟಿದ್ದೆ.'

ಬ್ಯಾಂಕಿನವರ ಕಡೆ ನೋಡಿದೆ. ರಂಗದ ಮೇಲೆ ಪಕ್ಕದಲ್ಲೇ ನಿಂತು ಎಲ್ಲ ಕಂಡ ಮನುಷ್ಯ. ತಮ್ಮ ಬೂಟಿನ ಲಾಡಿ ಕಟ್ಟಿಕೊಳ್ಳುವುದರಲ್ಲಿ ಮುಳುಗಿದ್ದರು. ಅವರ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಇಲ್ಲಿ ಬರೆದಿಡುತ್ತೇನೆ. ಉತ್ತಮ ನಟಿ ಬಹುಮಾನಕ್ಕೆ ನನ್ನ ಹೆಸರು ಬರಲಿಲ್ಲ. ಒಂದೇ ಮಾತಿನ ಪಾತ್ರಕ್ಕೆ ಕೊಡಲು ಬರುವುದಿಲ್ಲವಂತೆ.

ತಿರುಗಿ ಬರುವಾಗ ಟೆಂಪೋದಲ್ಲಿ ಕೇಳಿದೆ. 'ಸರ್, ಆ ಮಾತ ಹೇಳಿದಾಕಿ ನಾನು.'

'ಹೌದ್ರಿ, ನೀವ ಹೇಳಿದ್ರಿ. ಯಾರ್ ಇಲ್ಲ ಅಂದ್ರು?' ಎಂದರು, ಬಹುಮಾನದ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು. 'ಆದ್ರ ಅದಕ್ಕ ಅರ್ಥ ಬಂದದ್ದು ನನ್ನ ನಾಟಕದಾಗ ಕುಂತದ್ದಕ್ಕ. ಅದ ಮಾತ ಬಸ್ ಸ್ಟ್ಯಾಂಡಿನ್ಯಾಗ ದಿನಾ ನೂರ್ ಮಂದಿ ಆಡತಾರ. ಅವರಿಗೆಲ್ಲ ಬಹುಮಾನ ಕೊಡೂಣೇನು?'

ಕಲಿತವರ ಎದುರು ನನಗೆ ಉತ್ತರ ಹೊಳೆಯುವುದು ಮನೆಗೆ ಬಂದು ಕೈಕಾಲು ತೊಳೆದ ಮೇಲೆಯೇ. ಒಂದು ತಿಂಗಳು ಅರ್ಥವೇ ಇಲ್ಲ, ಯಾವುದಕ್ಕೂ ಅರ್ಥವಿಲ್ಲ ಎಂದು ತಲೆ ತಿಂದ ಮನುಷ್ಯ ಫಲಕ ಕೈಗೆ ಬಂದ ಕೂಡಲೇ ಅರ್ಥಕ್ಕೆ ತಾನೇ ಒಡೆಯನಾದ. ಇದನ್ನು ಅಲ್ಲೇ ಹೇಳಬೇಕಿತ್ತು. ನಾನು ಕಿಟಕಿಯಾಚೆಯ ಜೋಳದ ಹೊಲ ನೋಡುತ್ತ ಕೂತೆ. ಆ ಹೇಡಿತನ ನನ್ನದೇ.

ಹತ್ತು ವರ್ಷ ಹಳ್ಳಿ ನಾಟಕ ಮಾಡಿಕೊಂಡಿದ್ದೆ. ಸಂಪಗಾಂವದಲ್ಲಿ, ಮತ್ತೆ ಮತ್ತೆ ಹೂಲಿಯಲ್ಲಿ, ಕರೆದಲ್ಲೆಲ್ಲ ಹೋದೆ. ನಾಯಕಿ ಹೋಗಿ ನಾಯಕನ ತಾಯಿಯಾದೆ. ಇಸವಿ ಎರಡು ಸಾವಿರ ದಾಟಿದ ಮೇಲೆ ಪ್ರಾಧ್ಯಾಪಕರ ಪತ್ರ ಬಂತು. ನಾಟಕ ಪುಸ್ತಕವಾಗಿದೆ, ಸವದತ್ತಿಯಲ್ಲಿ ಬಿಡುಗಡೆ, ಅಂದೇ ಪ್ರಯೋಗ, ಮೊದಲ ಪ್ರಯೋಗದ ಕಲಾವಿದೆ ನೀವೇ ಬರಬೇಕು. ಪತ್ರದ ಜೊತೆಗೆ ಪುಸ್ತಕ. ನಿಂತ ನಿಲುವಿನಲ್ಲೇ ಆ ಪುಟ ಹುಡುಕಿದೆ. 'ದೀರ್ಘ ಮೌನ. ಹೆಂಗಸು ನಿಧಾನವಾಗಿ ಕತ್ತು ತಿರುಗಿಸಿ ಜಗತ್ತನ್ನೇ ನೋಡುವಂತೆ ನೋಡಿ' ಎಂದು ಬರೆದು ಕೆಳಗೆ ನನ್ನ ಮಾತು ಹಾಕಿದ್ದರು: 'ಎಲ್ಲಿಗೆ ಹೊರಟಿದ್ದೀರಿ, ಮನುಷ್ಯರೇ?'

ನಾನು ಜಗತ್ತನ್ನು ನೋಡಿರಲಿಲ್ಲ. ಬಣ್ಣ ಇಳಿದ ಅವರ ಹಣೆ ನೋಡಿದ್ದೆ. ಮತ್ತೆ ನಮ್ಮ ಏಳು ತಲೆಮಾರಿನಲ್ಲಿ ಯಾರೂ ಎದುರಿಗೆ ಬಂದವರನ್ನು ಮನುಷ್ಯರೇ ಎಂದು ಕರೆದಿಲ್ಲ. ಕದ್ದದ್ದು ಹೋಗಲಿ, ಕದ್ದ ಮೇಲೆ ಕೆಡಿಸಿಯೂ ಇದ್ದರು! ಮುನ್ನುಡಿಯ ಕೊನೆಗೆ ಉಪಕಾರ ಸ್ಮರಣೆ ಇತ್ತು. ಅಕ್ಷರ ಜೋಡಿಸಿದವರು, ಕರಡು ತಿದ್ದಿದವರು, ತಾಲೀಮಿಗೆ ಚಹಾ ಕಳಿಸಿದ ಮನೆಯವರು, ಎಲ್ಲರೂ ಇದ್ದರು.

ಹೋದೆ. ಜಗಳ ಆಡಲೆಂದೇ ಹೋದೆ. ಬಣ್ಣದ ಕೋಣೆಯಲ್ಲಿ ಪುಸ್ತಕ ತೆರೆದು ಅವರ ಮುಂದೆ ಹಿಡಿದೆ. 'ಸರ್, ಈ ಮಾತ ಯಾರದು?'

'ಅಸಂಗತ ನಾಟಕದಾಗ ಮಾತು ಯಾರದೂ ಅಲ್ರಿ ಬಾಯಾರ. ಅದ ಅದರ ತತ್ವ.'

'ಯಾರದೂ ಅಲ್ಲಂದ್ರ ಪುಸ್ತಕದ ಮ್ಯಾಲ ನಿಮ್ಮ ಹೆಸರ್ ಯಾಕ?'

ನಕ್ಕರು. ನಿಜವಾಗಿಯೂ ಖುಷಿಯಿಂದ ನಕ್ಕರು. 'ಭಾಳ ಚಲೋ ಪ್ರಶ್ನೆ ಕೇಳತೀರಿ ನೀವು. ಈಗ ಹೋಗ್ರಿ, ಕುಂದರ್ರಿ. ನಿಮ್ಮದು ಬೆನ್ನಿನ ಪಾತ್ರ.'

ಬಣ್ಣ ಹಚ್ಚಿದ ಮೇಲೆ ರಂಗ ಬಿಟ್ಟು ಹೋಗಬಾರದು, ಅದು ಕಂಪನಿಯ ಕಟ್ಟಳೆ. ಹೋಗಿ ಕೂತೆ. ಆ ಜಾಗ ಬಂತು. ಈ ಸಲ ಅವರು ಮರೆತಿರಲಿಲ್ಲ, ಮರೆತವರಂತೆ ನಟಿಸಿ ನಿಂತರು, ಪುಸ್ತಕದಲ್ಲಿ ಇದ್ದಷ್ಟೇ ಹೊತ್ತು. ನಾನು ಬಾಯಿ ಬಿಡಲಿಲ್ಲ. ಎದುರಿನ ನಟನನ್ನು ಕೈಬಿಡುವುದು ಎಷ್ಟು ಕಷ್ಟ ಎಂದು ಆ ಕಸುಬಿನವರಿಗೇ ಗೊತ್ತು, ನಾಲಗೆಯನ್ನು ಹಲ್ಲಲ್ಲಿ ಹಿಡಿದುಕೊಂಡಿದ್ದೆ. ಅವರು ಸ್ವಲ್ಪ ತಡೆದು, ನನ್ನ ಬೆನ್ನ ಹತ್ತಿರ ಬಂದು, 'ಎಲ್ಲಿಗೆ ಹೊರಟಿದ್ದೀರಿ ಮನುಷ್ಯರೇ ಎನ್ನುತ್ತಿದೆ ಇವಳ ಮೌನ!' ಎಂದು ತಾವೇ ಹೇಳಿ ಭಾಷಣ ಶುರು ಮಾಡಿದರು. ಚಪ್ಪಾಳೆ ಬಿತ್ತು.

ನನ್ನ ಬಾಯಿಂದ ಬಂದದ್ದು ಅವರದು. ಬಾಯಿ ಮುಚ್ಚಿದರೆ ಆ ಮುಚ್ಚಿದ್ದೂ ಅವರದೇ. ಎದ್ದೆ. ಕುರ್ಚಿಯನ್ನು ದರದರ ಎಳೆದು ಜನರ ಕಡೆ ತಿರುಗಿಸಿ ಇಟ್ಟು, ಅದರ ಬೆನ್ನು ಹಿಡಿದು ನಿಂತು ಹೇಳಿದೆ: 'ಆ ಮಾತು ನಂದು. ಕಿತ್ತೂರಾಗ ಇವರು ಮಾತ ಮರತ ನಿಂತಾಗ ನಾ ಎತ್ತಿಕೊಟ್ಟಿದ್ದೆ. ಇವರು ಬರದದ್ದಲ್ಲ ಅದು.'

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಚಪ್ಪಾಳೆ ಶುರು ಮಾಡಿದ, ಮುಂದಿನ ಸಾಲಿನ ಹಿರಿಯರು ಕನ್ನಡಕ ತೆಗೆದು ಎದ್ದು ನಿಂತರು, ಸಭೆಗೆ ಸಭೆಯೇ ಎದ್ದಿತು. 'ಭಲೆ!' ಎಂದರು. ನಾಟಕದೊಳಗಿನ ಪಾತ್ರ ನಾಟಕಕಾರನ ಮೇಲೆಯೇ ತಿರುಗಿ ಬಿದ್ದಿದೆ ಎಂದು ತಿಳಿದರು.

'ನಾಟಕ ಅಲ್ರಿ ಇದು, ಖರೇನ ಐತಿ!' ಎಂದು ಕೂಗಿದೆ.

ಚಪ್ಪಾಳೆ ಇಮ್ಮಡಿಯಾಯಿತು. ಪ್ರಾಧ್ಯಾಪಕರು ಒಂದು ಕ್ಷಣ ಬಿಳಿಚಿಕೊಂಡಿದ್ದು ಕಂಡೆ, ಅಷ್ಟೇ. ಮರುಕ್ಷಣ ಬಂದು ನನ್ನ ಪಕ್ಕ ನಿಂತು, ಕೈ ಮುಗಿದು, ಜನರಿಗೆ ತಲೆಬಾಗಿದರು. ಪರದೆ ಎಳೆದರು.

ಅದಾದ ಮೂರು ನಾಲ್ಕು ವರ್ಷಕ್ಕೆ, ಸವದತ್ತಿಯಿಂದ ರಾಮದುರ್ಗಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕಾಲೇಜಿನ ಒಬ್ಬ ಹುಡುಗಿ ಕೂತಿದ್ದಳು. ಪರೀಕ್ಷೆ ಹತ್ತಿರವಿತ್ತೆಂದು ಕಾಣುತ್ತದೆ, ಓದುತ್ತ ತುಟಿ ಅಲುಗಿಸುತ್ತಿದ್ದಳು. ಪುಸ್ತಕದ ಮೇಲಿನ ಹೆಸರು ಕಣ್ಣಿಗೆ ಬಿತ್ತು. ಕೇಳಿ ಇಸಿದುಕೊಂಡೆ. ಎರಡನೆಯ ಮುದ್ರಣ, ಪಠ್ಯಪುಸ್ತಕವಾಗಿತ್ತು. ಕೊನೆಯ ಪುಟ ತೆರೆದರೆ ಕುರ್ಚಿ ಎಳೆದದ್ದರಿಂದ ಹಿಡಿದು ಎಲ್ಲವೂ ಅಲ್ಲಿತ್ತು. ಈ ಸಲ ಕೆಡಿಸಿರಲಿಲ್ಲ. ಆ ಮಾತು ನಂದು ಎಂಬುದು ನಾನು ಆಡಿದ ಹಾಗೆಯೇ ಇತ್ತು, ನಾಟಕ ಅಲ್ರಿ ಇದು ಎಂಬುದೂ ಇತ್ತು, ಒಂದಕ್ಷರ ಆಚೀಚೆ ಇಲ್ಲ. ಅದರ ಕೆಳಗೆ 'ಪರದೆ' ಎಂದು ಅಚ್ಚು ಹಾಕಿದ್ದರು. ಹೊದಿಕೆಯ ಮೇಲೆ ಅವರ ಹೆಸರು ಮೊದಲಿಗಿಂತ ದಪ್ಪವಾಗಿತ್ತು.

ಹುಡುಗಿ 'ಆ ಮಾತು ನಂದು' ಎಂಬುದಕ್ಕೆ ಪೆನ್ಸಿಲಿನಿಂದ ಗೀಟು ಎಳೆದಿದ್ದಳು.

'ಇದಕ್ಕ ಯಾಕ ಗೀಟ್ ಹಾಕೀಯವಾ?'

'ಇದು ಪರೀಕ್ಷಾಕ್ಕ ಬಂದ ಬರತೈತ್ರಿ. ಈ ಮಾತನ್ನು ಯಾರು ಯಾರಿಗೆ ಹೇಳಿದರು, ಸಂದರ್ಭ ಬರೀರಿ ಅಂತ.'

'ಏನಂತ ಬರೀತಿ?'

'ನಾಟಕಕಾರರು ಹೆಂಗಸಿನ ಪಾತ್ರದ ಮೂಲಕ ಮನುಕುಲಕ್ಕೆ ಹೇಳಿದರು ಅಂತ. ನೋಟ್ಸಿನ್ಯಾಗ ಹಂಗ ಐತ್ರಿ.'

ಅವಳಿಗೆ ಎಲ್ಲ ಹೇಳಿದೆ. ಕಿತ್ತೂರಿನದು, ಟೆಂಪೋದ್ದು, ಸವದತ್ತಿಯದು, ಒಂದನ್ನೂ ಬಿಡದೆ ಹೇಳಿದೆ. ಒಳ್ಳೆಯ ಹುಡುಗಿ, ಮನಸ್ಸಿಟ್ಟು ಕೇಳಿದಳು. ನಡುವೆ ಒಮ್ಮೆ ಅವಳ ಕಣ್ಣೂ ತುಂಬಿತು. ನಾನು ಹೇಳುವುದನ್ನು ನಾಟಕವಲ್ಲ ಎಂದು ನಂಬಿದ ಮೊದಲ ಜೀವ ಅದು. 'ಹಂಗಾದ್ರ ಈಗರೆ ಖರೇದ್ದು ಬರಿ, ನಮ್ಮವ್ವಾ,' ಎಂದೆ. 'ಈ ಮಾತ ಹೇಳಿದಾಕಿ ರಾಮದುರ್ಗದ ಒಬ್ಬ ನಾಟಕದಾಕಿ ಅಂತ ಬರಿ.'

ಹುಡುಗಿ ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

'ನೀವ ಅಂತ ನನಗ ಗೊತ್ತಾತ್ರಿ, ಅಕ್ಕಾರ,' ಎಂದಳು. 'ಖರೇ, ಹಂಗ ಬರದ್ರ ಮಾರ್ಕ್ಸ್ ಕೊಡಂಗಿಲ್ರಿ.'